ಮಸೆಗಲ್ಲಿನ ತಗ್ಗು

ಮಾವ ಕ್ಷೌರದ ಕತ್ತಿ ಮಸೆಯಲು ಕೂತರೆ ಮನೆಯಲ್ಲಿ ಯಾರೂ ಏರುದನಿಯಲ್ಲಿ ಮಾತಾಡುತ್ತಿರಲಿಲ್ಲ. ಹಾಗೆಂದು ಅವರೇನೂ ಕಟ್ಟಪ್ಪಣೆ ಮಾಡಿರಲಿಲ್ಲ. ಪಾಪ, ಅವರು ಗದರಿದ್ದನ್ನು ಬೀದಿಯ ನಾಯಿ ಕೂಡ ಕೇಳಿರಲಿಲ್ಲ. ಆ ಸದ್ದೇ ಅಷ್ಟು ಹಿತವಾಗಿತ್ತು. ಅಡುಗೆಮನೆಯ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕಲ್ಲಿಟ್ಟು, ನಾಲ್ಕು ಹನಿ ನೀರು ಚಿಮುಕಿಸಿ ಅವರು ಕತ್ತಿ ಆಡಿಸಲು ಶುರುಮಾಡಿದರೆ, ಸೊಸೆ ಒಲೆಯ ಉರಿ ಸಣ್ಣದು ಮಾಡಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತುಬಿಡುತ್ತಿದ್ದಳು.

ಸೊಸೆ ಸುಮ್ಮಸುಮ್ಮನೆ ಯಾರನ್ನೂ ಮೆಚ್ಚುವವಳಲ್ಲ. ಹನ್ನೊಂದು ವರ್ಷದಿಂದ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅವಳ ಕೈಯಿಂದ ಹೋದ ಗಾಜು ಒಂದಾದರೂ ವಾಪಸು ಬಂದದ್ದಿಲ್ಲ. ಇದನ್ನು ಅವಳು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಮರೆಯುತ್ತಲೂ ಇರಲಿಲ್ಲ. ಗಂಡ ಗೋಡೆಗೆ ಮೊಳೆ ಹೊಡೆದರೆ "ಒಂದು ನೂಲು ಎಡಕ್ಕಾಯ್ತು" ಅನ್ನುವ ಹೆಂಗಸು. ಅಂಥವಳು ಮಾವನ ಕೈಯ ಮುಂದೆ ಮಾತ್ರ ಸೋತು ಶರಣಾಗಿದ್ದಳು.

ಎಂಥ ಕೈ ಅದು! ಕತ್ತಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಬೇಕು. ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ತಳ್ಳಬೇಕು, ಕಲ್ಲಿನ ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಬೇಕು, ಮತ್ತೆ ಈಚೆ ತರಬೇಕು. ಅಪ್ಪಿತಪ್ಪಿ ಬಾಯಿಯ ಮೇಲೆ ಹೊರಳಿಸಿದರೋ, ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು. ಮೊದಲ ಇಪ್ಪತ್ತು ಸಲ ಕೈಯ ಭಾರ, ಆಮೇಲಿನ ಇಪ್ಪತ್ತು ಸಲ ಬರೀ ಬೆರಳಿನ ಭಾರ, ಕೊನೆಯ ಹತ್ತು ಸಲ ಕತ್ತಿಯದೇ ಭಾರ. "ಅಷ್ಟು ಹೊತ್ತಿಗೆ ನಾವು ಅಲ್ಲಿ ಇರಲೇಬಾರದು ಕಣಮ್ಮ" ಎಂದು ಮಾವ ಹೇಳುತ್ತಿದ್ದರು. ಕತ್ತಿ ಸಾಗಿದಂತೆ ನೀರು ಅದರ ಬಾಯಿಯ ಮುಂದೆ ಸಣ್ಣ ಅಲೆಯಾಗಿ ಏಳುತ್ತಿತ್ತು, ಸದ್ದು ಇಳಿಯುತ್ತಾ ಇಳಿಯುತ್ತಾ ಪಿಸುಮಾತಾಗುತ್ತಿತ್ತು. ಆಮೇಲೆ ಗೂಟಕ್ಕೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಅರವತ್ತು ಸಲ ಎಳೆಯಬೇಕು. ಕೊನೆಗೆ ಸೊಸೆಯ ಬಾಚಣಿಗೆಯಿಂದ ಒಂದು ಕೂದಲು ತರಿಸಿ, ಎರಡು ಬೆರಳಲ್ಲಿ ಇಳಿಬಿಟ್ಟು, ಕತ್ತಿಗೆ ಸುಮ್ಮನೆ ತಾಗಿಸುತ್ತಿದ್ದರು. ಅರ್ಧ ಕೂದಲು ಕೆಳಗೆ ಬಿದ್ದದ್ದು ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ಒಪ್ತೀಯಾ?" ಎಂದು ಕೇಳುತ್ತಿದ್ದರು.

"ಒಪ್ಪದೆ ಏನ್ಮಾಡ್ಲಿ ಮಾವ? ನನ್ನ ತಲೆಕೂದಲೇ ಸಾಕ್ಷಿ ಹೇಳ್ತಾ ಇದೆ."

ಐವತ್ತು ವರ್ಷ ಕ್ಷೌರದಂಗಡಿ ನಡೆಸಿದವರು ಅವರು. ಊರಿನವರು ಅವರಿಗೆ ಬೆಣ್ಣೆಗೈ ಯಜಮಾನರು ಎಂದು ಹೆಸರಿಟ್ಟಿದ್ದರು. ಅವರ ಕುರ್ಚಿಯಲ್ಲಿ ಕೂತವರು ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು; ಎರಡನೆಯ ಕೆನ್ನೆಗೆ ಎಬ್ಬಿಸುವುದೇ ದೊಡ್ಡ ಕೆಲಸ. ಗಿರಾಕಿ ಗೊರಕೆ ಹೊಡೆದರೆ ಅದೇ ಅವರಿಗೆ ಚಪ್ಪಾಳೆ. ಎಪ್ಪತ್ತಾದ ಮೇಲೆ ಅಂಗಡಿಯನ್ನು ಶಿಷ್ಯನಿಗೆ ಬಿಟ್ಟುಕೊಟ್ಟು, ಅಲ್ಲಿದ್ದ ಕತ್ತಿಗಳನ್ನೂ ಕಲ್ಲುಗಳನ್ನೂ ಅವನಿಗೇ ಕೊಟ್ಟು, ಮನೆಗೆ ತಂದದ್ದು ಎರಡೇ ವಸ್ತು: ಕೆಲಸ ಕಲಿತ ಮೊದಲ ವರ್ಷ ಗುರು ಕೊಟ್ಟಿದ್ದ ಒಂದು ಕತ್ತಿ, ಅದರ ಜೊತೆಗೇ ಕೊಟ್ಟಿದ್ದ ಒಂದು ಮಸೆಗಲ್ಲು. ಆ ಕತ್ತಿಯನ್ನು ಆ ಕಲ್ಲು ಬಿಟ್ಟು ಬೇರೊಂದರ ಮೇಲೆ ಇಟ್ಟವರಲ್ಲ. ಎರಡು ಬೆರಳು ಅಗಲವಿದ್ದ ಅಲಗು ಸವೆದು ಸವೆದು ಒಂದೂವರೆ ಬೆರಳಾಗಿತ್ತು. ಕಲ್ಲೂ ನಡುವೆ ತಗ್ಗು ಬಿದ್ದು, ಬಹಳ ಜನ ತುಳಿದ ಹೊಸ್ತಿಲಿನಂತಾಗಿತ್ತು.

ಆ ಕತ್ತಿಗೆ ಈಗ ಇದ್ದದ್ದು ಎರಡೇ ಮುಖ. ಒಂದು ಮಾವನದು. ಇನ್ನೊಂದು ಪಕ್ಕದ ಬೀದಿಯ ಮೇಷ್ಟ್ರದು. ಮೇಷ್ಟ್ರು ಬಾಲ್ಯದ ಗೆಳೆಯರು; ಕಾಲು ಸೋತು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಮಾವ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋಗುವುದು, ಗೆಳೆಯನಿಗೆ ಕ್ಷೌರ ಮಾಡುವುದು, ಮಧ್ಯಾಹ್ನದವರೆಗೆ ಜಗಳವಾಡಿ ಬರುವುದು. ವಾರದ ಉಳಿದ ಆರು ದಿನ ಅದರ ಸುತ್ತಲೇ ಸುತ್ತುತ್ತಿದ್ದವು. ಹೋದ ವರ್ಷದಿಂದ ಅವರ ಕೈಯಲ್ಲಿ ಟೀ ಲೋಟ ಸಣ್ಣಗೆ ನಡುಗುವುದನ್ನು ಸೊಸೆ ನೋಡಿದ್ದಳು. ಕತ್ತಿ ಹಿಡಿದಾಗ ಮಾತ್ರ ಆ ನಡುಕ ಎಲ್ಲಿಗೋ ಹೋಗಿ ಅಡಗಿಕೊಳ್ಳುತ್ತಿತ್ತು.

ಹೀಗಿರುವಾಗ ಮಾವ ಹದಿನೈದು ದಿನ ಮಗಳ ಮನೆಗೆ ಹೋದರು. ಕತ್ತಿಯನ್ನು ಜೊತೆಗೆ ಒಯ್ದರು. ಕಲ್ಲು ಭಾರವೆಂದು ಬಿಟ್ಟುಹೋದರು.

ಒಳ್ಳೆಯದು ಮಾಡಬೇಕೆಂಬ ಹುಮ್ಮಸ್ಸು ತಲೆಗೇರಿದವರನ್ನು ತಡೆಯುವುದು ಬಲು ಕಷ್ಟ. ಬೆಂಚು ಒರೆಸುವಾಗ ಸೊಸೆಯ ಅಂಗೈ ಆ ತಗ್ಗಿನ ಮೇಲೆ ಹೋಯಿತು. ಇಷ್ಟು ಸವೆದ ಕಲ್ಲಿನ ಮೇಲೆ ಪಾಪ ಮಾವ ಎಷ್ಟು ಒದ್ದಾಡುತ್ತಾರೋ ಅನ್ನಿಸಿತು. ಕಾರ್ಖಾನೆಯಿಂದ ಉಜ್ಜುವ ಪುಡಿ ತಂದಳು, ದಪ್ಪ ಗಾಜಿನ ಹಲಗೆಯೊಂದನ್ನು ತಂದಳು. ಪುಡಿ ಚೆಲ್ಲಿ, ನೀರು ಬಿಟ್ಟು, ಕಲ್ಲನ್ನು ಕವುಚಿ ಹಾಕಿ ನಾಲ್ಕು ಸಂಜೆ ತಿಕ್ಕಿದಳು. ತೋಳು ಬಿದ್ದುಹೋಗುವಷ್ಟು ನೋವು. ಐದನೆಯ ಸಂಜೆ ಕಲ್ಲಿನ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ದೀಪಕ್ಕೆ ಹಿಡಿದರೆ ಕೂದಲೆಳೆಯಷ್ಟೂ ಬೆಳಕು ತೂರಲಿಲ್ಲ. ಅಷ್ಟು ಸಪಾಟು. ತನ್ನ ಕೆಲಸಕ್ಕೆ ತಾನೇ ಮರುಳಾಗಿ ಎರಡು ಸಲ ಸವರಿ ನೋಡಿದಳು.

ಮಾವ ಬಂದವರು ಕಲ್ಲು ನೋಡಿ ಕಣ್ಣರಳಿಸಿದರು.

"ಅಯ್ಯಯ್ಯೋ, ಕನ್ನಡಿ ಮಾಡಿಟ್ಟಿದ್ದೀಯಲ್ಲಮ್ಮ! ನಮ್ಮ ಗುರುಗಳು ಕೈಗೆ ಕೊಟ್ಟಾಗ ಇದು ಹಿಂಗೇ ಇತ್ತು, ಗೊತ್ತಾ?"

ಸೊಸೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಮಸೆಯಲು ಕೂತರು. ಒಲೆಯ ಮುಂದಿದ್ದ ಸೊಸೆಗೆ ಸದ್ದು ಬೇರೆಯಾಗಿ ಕೇಳಿಸಿತು. ಹೊಸ ಕಲ್ಲಿಗೆ ಹೊಸ ಸದ್ದು ಎಂದುಕೊಂಡಳು. ಐವತ್ತು ಸಲ ಮುಗಿಯಿತು, ನೂರಾಯಿತು. ಮಾವ ಎದ್ದು ಬಂದು ಕೂದಲು ಕೇಳಿದರು. ಕತ್ತಿಯ ನಡುಭಾಗಕ್ಕೆ ತಾಗಿಸಿದ್ದು ತುಂಡಾಯಿತು. ತುದಿಗೆ ತಾಗಿಸಿದ್ದು ಬಾಗಿ ಜಾರಿಕೊಂಡಿತು. ಅವರು ಮತ್ತೆ ಹೋಗಿ ಕೂತರು. ಆ ದಿನ ಊಟಕ್ಕೆ ಬಂದಾಗ ಅವರ ಮೂಗಿನ ಕೆಳಗೆ ಕೆಂಪಗೆ ತರಚಿತ್ತು.

ಭಾನುವಾರ ಆಗಬಾರದ್ದು ಆಯಿತು. ಮೇಷ್ಟ್ರ ದವಡೆಯ ಕೆಳಗೆ ಕತ್ತಿ ಕೂದಲನ್ನು ಕಡಿಯದೆ ಎಳೆಯಿತು, ಮಾವ ಸ್ವಲ್ಪ ಒತ್ತಿದರು, ಒಂದು ಹನಿ ರಕ್ತ ಬಂತು. ಸಾಸಿವೆಯಷ್ಟು ದೊಡ್ಡ ಹನಿ. ಮೇಷ್ಟ್ರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಆದರೆ ಬೆಣ್ಣೆಗೈ ಯಜಮಾನರು ಗೆಳೆಯನ ಮುಖದಲ್ಲಿ ರಕ್ತ ಕಂಡದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. ಅರ್ಧ ಕ್ಷೌರಕ್ಕೇ ಎದ್ದು ಮನೆಗೆ ಬಂದು, ಕತ್ತಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟರು.

"ಕೈ ಹೋಯ್ತಮ್ಮ," ಎಂದರು ಸೊಸೆಗೆ. ಅಳಲೂ ಇಲ್ಲ, ಸಿಟ್ಟೂ ಇಲ್ಲ. "ಕಲ್ಲು ನೋಡಿದ್ರೆ ಹೊಸದರ ಹಾಗಿದೆ. ಕತ್ತಿ ಹಳೇದೇ. ಇನ್ನೇನು ಉಳೀತು ಹೇಳು? ಲೋಟ ನಡುಗಿದಾಗಲೇ ನಾನು ಅರ್ಥ ಮಾಡ್ಕೋಬೇಕಿತ್ತು. ಮೇಷ್ಟ್ರಿಗೆ ಮುಂದಿನ ವಾರದಿಂದ ಅಂಗಡಿ ಹುಡುಗನ್ನ ಕಳಿಸ್ತೀನಿ ಅಂತ ಹೇಳಿ ಬಂದೆ."

ಮೇಷ್ಟ್ರು ಅದಕ್ಕೆ ಒಪ್ಪಲಿಲ್ಲವಂತೆ. "ನೀನು ಬರದಿದ್ರೆ ಗಡ್ಡ ಬಿಡ್ತೀನಿ. ಕನ್ನಡಿ ನೋಡಿದಾಗೆಲ್ಲ ಮನೆಗೆ ಯಾರೋ ನೆಂಟರು ಬಂದಿದ್ದಾರೆ ಅಂದ್ಕೋತೀನಿ, ನಂಗೂ ಹೊತ್ತು ಹೋಗುತ್ತೆ" ಎಂದರಂತೆ. ಅದನ್ನು ಹೇಳಿ ಮಾವ ನಗಲು ನೋಡಿದರು, ನಗು ಬರಲಿಲ್ಲ.

ಆ ವಾರ ಮನೆ ಸಪ್ಪೆಯಾಗಿತ್ತು. ಬೆಳಿಗ್ಗೆ ಕಿಟಕಿಯ ಕೆಳಗೆ ಸದ್ದಿಲ್ಲ. ಮಾವ ತಮ್ಮ ಬಲಗೈಯನ್ನು ತೊಡೆಯ ಮೇಲೆ ಯಾರದೋ ವಸ್ತುವಿನ ಹಾಗೆ ಇಟ್ಟುಕೊಂಡು ಕೂತಿರುತ್ತಿದ್ದರು. ಗಡ್ಡ ಬೆಳೆಯುತ್ತಿತ್ತು. ಟೀ ಲೋಟವನ್ನು ಈಗ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ಬುಧವಾರ ಅವರು ಮಲಗಿದ್ದ ಮಧ್ಯಾಹ್ನ, ರಜೆ ಹಾಕಿ ಮನೆಯಲ್ಲಿದ್ದ ಸೊಸೆ ಕಪಾಟಿನಿಂದ ಕತ್ತಿ ಇಳಿಸಿದಳು. ಕೈ ಹೋದವರ ಕೆಲಸ ಅಡ್ಡಾದಿಡ್ಡಿ ಇರಬೇಕಲ್ಲ, ನಡುಭಾಗ ಅಷ್ಟು ಚೆನ್ನಾಗಿ ಹೇಗೆ ಹರಿತವಾಯಿತು? ಈ ಪ್ರಶ್ನೆ ಅವಳನ್ನು ಮೂರು ದಿನದಿಂದ ಕೊರೆಯುತ್ತಿತ್ತು. ಕಾರ್ಖಾನೆಯಲ್ಲಿ ಗಾಜು ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಎಂದು ತಿಳಿಯಲು ಅದಕ್ಕೆ ಬಣ್ಣ ಬಳಿದು ಉಜ್ಜಿ ನೋಡುತ್ತಾರೆ. ಅವಳೂ ಕತ್ತಿಯ ಬಾಯಿಗೆ ಉದ್ದಕ್ಕೂ ಕಪ್ಪು ಶಾಯಿ ಬಳಿದಳು. ಕಲ್ಲಿನ ಮೇಲೆ ಹಗುರವಾಗಿ ಎರಡೇ ಎರಡು ಸಲ ಆಡಿಸಿ ಕಿಟಕಿಗೆ ಹಿಡಿದಳು. ನಡುವೆ ಎರಡು ಬೆರಳಷ್ಟು ಜಾಗದಲ್ಲಿ ಶಾಯಿ ಅಳಿಸಿತ್ತು. ಹಿಡಿಯ ಕಡೆಗೂ ತುದಿಯ ಕಡೆಗೂ ಬಳಿದದ್ದು ಬಳಿದಂತೆಯೇ ಇತ್ತು.

ಗಾಜಿನ ಹಲಗೆಯ ಮೇಲೆ ಕತ್ತಿಯ ಬಾಯಿ ಇಟ್ಟು ಹಿಂದಿನಿಂದ ದೀಪ ಹಿಡಿದಳು. ಎರಡೂ ತುದಿಯಲ್ಲಿ ಬೆಳಕು ಸಣ್ಣಗೆ ತೂರುತ್ತಿತ್ತು. ನೇರವೆಂದು ಎಲ್ಲರೂ ನಂಬಿದ್ದ ಆ ಕತ್ತಿಯ ಬಾಯಿ ನೇರವಿರಲಿಲ್ಲ. ಐವತ್ತು ವರ್ಷ ಕಲ್ಲು ತಗ್ಗಾಗುತ್ತಾ ಹೋದಂತೆ ಕತ್ತಿ ಅದಕ್ಕೆ ಸರಿಯಾಗಿ ಉಬ್ಬುತ್ತಾ ಬಂದಿತ್ತು. ಇದು ಅದಕ್ಕೆ, ಅದು ಇದಕ್ಕೆ, ಒಂದು ನೂಲೂ ಆಚೀಚೆಯಿಲ್ಲದೆ. ಅವಳು ನಾಲ್ಕು ಸಂಜೆ ತೋಳು ನೋಯಿಸಿಕೊಂಡು ಆ ತಗ್ಗನ್ನು ಉಜ್ಜಿ ಹಾಕಿದ್ದಳು.

ಬೇರೆ ಯಾರಾದರೂ ಮಾಡಿದ್ದರೆ ಒಂದು ಮಾತು. ಬೆಳಗಾದರೆ ಅವಳು ಮಾಡುವ ಕೆಲಸವಾದರೂ ಏನು? ಉಬ್ಬಿದ ಗಾಜಿಗೆ ತಗ್ಗಿನ ಅಚ್ಚು ಹುಡುಕುವುದು, ತಗ್ಗಿನ ಗಾಜಿಗೆ ಉಬ್ಬಿನ ಅಚ್ಚು ಹುಡುಕುವುದು! ಹನ್ನೊಂದು ವರ್ಷ ಅದನ್ನೇ ಮಾಡಿದವಳು ಮನೆಗೆ ಬಂದು ಇಂಥ ಅಚ್ಚನ್ನು ಸವೆದ ಕಲ್ಲು ಎಂದುಕೊಂಡಿದ್ದಳು. ಸೊಸೆ ತಲೆ ತಲೆ ಚಚ್ಚಿಕೊಂಡಳು. ಆದರೆ ಚಚ್ಚಿಕೊಳ್ಳುವ ನಡುವೆಯೇ ಕತ್ತಿಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡದೆ ಇರಲಾಗಲಿಲ್ಲ. ಅಳತೆಯಿಲ್ಲದೆ, ಯಂತ್ರವಿಲ್ಲದೆ, ಮಾಡುತ್ತಿದ್ದೇನೆಂದು ತನಗೇ ತಿಳಿಯದೆ ಒಬ್ಬ ಮನುಷ್ಯ ಇಷ್ಟು ಶುದ್ಧವಾದ ಬಾಗು ತಂದಿದ್ದ. ತನಗೆ ಅದು ಸಾಧ್ಯವೇ ಇಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

ಸಂಜೆ ಬಸ್ಸು ನಿಲ್ಲಿಸಿ ಮನೆಗೆ ಬಂದ ಗಂಡನಿಗೆ ವಿಷಯ ಹೇಳಿದಳು. ಚಾಲಕನಾದವನು ಯಾವಾಗಲೂ ಸುಲಭದ ದಾರಿ ಹುಡುಕುತ್ತಾನೆ.

"ತಗ್ಗು ತಾನೇ? ಮತ್ತೆ ಮಾಡಿ ಸುಮ್ನೆ ಅಲ್ಲೇ ಇಟ್ಬಿಡು. ಅಪ್ಪಂಗೆ ಯಾಕೆ ಹೇಳೋಕೆ ಹೋಗ್ತೀಯಾ?"

"ಗೊತ್ತಾದ್ರೆ ರೀ?"

"ಗೊತ್ತಾಗಲ್ಲ. ಕೈ ಸರಿಹೋಯ್ತು ಅಂದ್ಕೋತಾರೆ."

ಆ ಮಾತು ಅವಳಿಗೂ ರುಚಿಸಿತು. ಸುಳ್ಳೇಕೆ, ತನ್ನ ಕೈಕೆಲಸ ಹಾಳಾಗಿ ವಾಪಸು ಬಂತು ಎಂದು ಬಾಯಿಬಿಟ್ಟು ಹೇಳುವುದು ಅವಳಿಗೆ ವಿಷ ಕುಡಿದಷ್ಟು ಕಷ್ಟ. ಅದೂ ಮಾವನ ಮುಂದೆ.

ಗುರುವಾರ ಕಲ್ಲನ್ನೂ ಕತ್ತಿಯನ್ನೂ ಚೀಲದಲ್ಲಿ ಹೊತ್ತುಕೊಂಡು ಕೆಲಸಕ್ಕೆ ಹೋದಳು. ಕಾರ್ಖಾನೆಯ ಮೇಸ್ತ್ರಿ ಎಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಹನ್ನೊಂದು ವರ್ಷದಿಂದ ಅವನು ಈ ದಿನಕ್ಕಾಗಿ ಕಾಯುತ್ತಿದ್ದಿರಬೇಕು. ಆಮೇಲೆ ಕತ್ತಿಯನ್ನು ದೀಪಕ್ಕೆ ಹಿಡಿದು ನೋಡಿದ. ನಗು ನಿಂತಿತು.

"ಇದನ್ನ ಕೈಯಲ್ಲಿ ಮಾಡಿದ್ದಾ?" ಎಂದ. "ನಮ್ಮ ಯಂತ್ರಕ್ಕೆ ತೋರಿಸ್ಬೇಡ, ನಾಚ್ಕೊಂಡು ಕೆಟ್ಟು ಕೂತ್ಕೊಳ್ಳುತ್ತೆ."

ಕನ್ನಡಕದ ಅಚ್ಚುಗಳೆಲ್ಲ ಈ ಬಾಗಿಗೆ ತೀರಾ ಗುಂಡಾಗಿದ್ದವು. ಮೇಸ್ತ್ರಿ ಉಗ್ರಾಣದಲ್ಲಿ ತಡಕಾಡಿ, ಎಂದೋ ಯಾರೋ ದುರ್ಬೀನಿನ ಕನ್ನಡಿಗೆಂದು ಮಾಡಿಸಿ ಬಿಟ್ಟುಹೋಗಿದ್ದ ಕಬ್ಬಿಣದ ಅಚ್ಚೊಂದನ್ನು ಧೂಳು ಕೊಡವಿ ತಂದ. ತಟ್ಟೆಯಷ್ಟು ಅಗಲ, ಬರಿಗಣ್ಣಿಗೆ ಚಪ್ಪಟೆ, ಬೆರಳಿಗೆ ಮಾತ್ರ ಉಬ್ಬು. ಸೊಸೆ ಅದರ ಮೇಲೆ ಪುಡಿ ಚೆಲ್ಲಿ ಮೂರು ದಿನ ಊಟದ ಬಿಡುವಿನಲ್ಲಿ ಕಲ್ಲು ತಿಕ್ಕಿದಳು. ಶನಿವಾರ ಮಧ್ಯಾಹ್ನ ಕತ್ತಿಗೆ ಶಾಯಿ ಬಳಿದು ಎರಡು ಸಲ ಆಡಿಸಿದರೆ ಹಿಡಿಯಿಂದ ತುದಿಯವರೆಗೆ ಶಾಯಿ ಅಳಿಸಿತ್ತು. ಹಿಡಿಯ ಹತ್ತಿರ ಉಗುರಿನಷ್ಟು ಜಾಗ ಉಳಿಯಿತು. ಅದು ಅವಳ ಕೈಗೆ ಬಗ್ಗಲಿಲ್ಲ. ಅಷ್ಟನ್ನು ಕತ್ತಿಯೇ ಮಾಡಿಕೊಳ್ಳಬೇಕಿತ್ತು, ಅದೂ ಮಾವನ ಕೈಯಲ್ಲಿ.

ಸಂಜೆ ಮನೆಗೆ ಬಂದು ಬೆಂಚಿನ ಮೇಲೆ ಒದ್ದೆ ಬಟ್ಟೆ ಹಾಸಿ ಕಲ್ಲಿಟ್ಟಳು.

"ಮಾವ, ಒಂದ್ಸಲ ಮಸೆದು ನೋಡಿ."

"ಬೇಡಮ್ಮ."

"ನನಗೋಸ್ಕರ ಒಂದೇ ಒಂದು ಸಲ."

"ಮಸೆದು ಏನ್ಮಾಡ್ಲಿ? ಮೇಷ್ಟ್ರ ಗಂಟಲ ಮೇಲೆ ನನ್ನ ಕೈ ಪರೀಕ್ಷೆ ಮಾಡೋಕಾಗುತ್ತಾ? ಅಂಗಡಿ ಹುಡುಗ ನಾಳೆ ಎಂಟಕ್ಕೆ ಹೋಗ್ತೀನಿ ಅಂದಿದ್ದಾನೆ. ಈ ಕತ್ತೀನೂ ಅವನಿಗೇ ಕೊಟ್ಬಿಡು. ಇಲ್ಲಿದ್ರೆ ನೋಡಿ ನೋಡಿ ಸಂಕಟ."

ಸುಲಭದ ದಾರಿ ಅಲ್ಲಿಗೆ ಮುಗಿಯಿತು. ಕಲ್ಲು ಸಿದ್ಧವಿತ್ತು, ಕತ್ತಿ ಸಿದ್ಧವಿತ್ತು. ಮಾವ ಮಾತ್ರ ಅದನ್ನು ಮುಟ್ಟುವುದಿಲ್ಲ. ಸೊಸೆ ಅವರ ಮುಂದೆ ನೆಲದ ಮೇಲೆ ಕೂತಳು.

"ಮಾವ, ಕೈ ಹೋಗಿಲ್ಲ. ಕಲ್ಲು ಹೋಗಿತ್ತು. ಕೆಡಿಸಿದ್ದು ನಾನು."

ಅವಳು ತಡವರಿಸುತ್ತಾ ಎಲ್ಲ ಹೇಳಿದಳು. ಶಾಯಿಯ ಕತೆ ಹೇಳಿದಳು. ಗಾಜಿನ ಹಲಗೆ ತಂದು, ಕತ್ತಿ ಇಟ್ಟು, ದೀಪ ಹಿಡಿದು ಎರಡು ತುದಿಯ ಬೆಳಕು ತೋರಿಸಿದಳು. ಮಾವ ಬಗ್ಗಿ ಬಹಳ ಹೊತ್ತು ನೋಡಿದರು. ಗುರು ಕೊಟ್ಟ ಕಲ್ಲು, ಐವತ್ತು ವರ್ಷದ ದುಡಿಮೆ, ತಾನು ನಾಲ್ಕು ಸಂಜೆಯಲ್ಲಿ ಅಳಿಸಿದ್ದು. ಬೈದರೆ ಬೈಯಲಿ, ತುಟಿ ಪಿಟಕ್ಕೆನ್ನದೆ ಬೈಸಿಕೊಳ್ಳುತ್ತೇನೆ ಎಂದು ಅವಳು ತಲೆ ತಗ್ಗಿಸಿ ಕಾದಳು.

"ಈ ಬಾಗು ನಾನು ಮಾಡಿದ್ದಾ?"

"ನೀವೇ ಮಾವ. ನಮ್ಮ ಮೇಸ್ತ್ರಿ ನೋಡಿ ದಂಗಾಗಿ ಹೋದ."

"ಹಾಗಾದ್ರೆ..." ಅವರು ಬಲಗೈ ಎತ್ತಿ ಅವಳ ಕಣ್ಣ ಮುಂದೆ ಹಿಡಿದರು. ಅದು ಸಣ್ಣಗೆ ನಡುಗುತ್ತಿತ್ತು. "ಇದಕ್ಕೇನೂ ಆಗಿಲ್ವಾ?"

"ಎಳ್ಳಷ್ಟೂ ಏನೂ ಆಗಿಲ್ಲ. ಸಪಾಟು ಕಲ್ಲಿನ ಮೇಲೆ ಆ ಕತ್ತಿ ನಿಮಗಲ್ಲ, ನಿಮ್ಮ ಗುರುಗಳಿಗೂ ಬಗ್ತಿರಲಿಲ್ಲ."

ಮಾವ ಎರಡೂ ಕೈಯಿಂದ ಅವಳ ತಲೆ ಹಿಡಿದುಕೊಂಡರು.

"ಅಯ್ಯೋ ಪುಣ್ಯಾತ್ಗಿತ್ತಿ! ಹಾಳು ಮಾಡಿದ್ದು ನೀನು ಅಂತ ಮೊದಲೇ ಹೇಳ್ಬಾರ್ದಾ!"

ಹೇಳಿದವರೇ ಕಿಟಕಿಗೆ ಹೋಗಿ, ಎದುರುಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಕ್ಕನನ್ನು ಕೂಗಿ ಕರೆದರು. ಜೀವಮಾನದಲ್ಲಿ ದನಿಯೇರಿಸದ ಮನುಷ್ಯ! "ಕೇಳಿಸ್ತೇನಮ್ಮಾ? ನಮ್ಮ ಸೊಸೆ ನನ್ನ ಕಲ್ಲನ್ನ ಪೂರ್ತಿ ಹಾಳು ಮಾಡಿಬಿಟ್ಟಿದ್ಲು!" ಮುಖ ನೋಡಿದರೆ ಬಹುಮಾನ ಗೆದ್ದವರ ಹಾಗಿತ್ತು. ಎದುರುಮನೆಯ ಅಕ್ಕ ಏನು ಹೇಳಬೇಕೋ ತೋಚದೆ, "ಒಳ್ಳೇದಾಯ್ತು ಬಿಡಿ ಯಜಮಾನ್ರೇ" ಎಂದು ಮತ್ತೆ ಹೊಲಿಗೆಗೆ ಬಗ್ಗಿದಳು. ನೆಲದ ಮೇಲೆ ಕೂತಿದ್ದ ಸೊಸೆಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ತನ್ನ ತಪ್ಪೊಂದು ಇನ್ನೊಬ್ಬರಿಗೆ ಇಷ್ಟು ಸಂತೋಷ ಕೊಡಬಹುದೆಂದು ಅವಳು ಎಣಿಸಿಯೇ ಇರಲಿಲ್ಲ.

ಮಾವ ಬೆಂಚಿಗೆ ಹೋಗಿ ಕೂತರು. ನೀರು ಚಿಮುಕಿಸಿದರು. ಮೊದಲ ಸಲ ಕತ್ತಿ ಸಾಗಿದಾಗಲೇ ಹುಬ್ಬು ಮೇಲೇರಿತು; ಬೇರೆ ಊರಿನಲ್ಲಿ ತನ್ನವರ ದನಿ ಕೇಳಿದವರಂತೆ ತಲೆ ಓರೆ ಮಾಡಿದರು. ಇಪ್ಪತ್ತು ಕೈಯ ಭಾರ, ಇಪ್ಪತ್ತು ಬೆರಳಿನ ಭಾರ. "ಹಿಡಿ ಹತ್ರ ಚೂರು ಬಾಕಿ ಉಳಿಸಿದ್ದೀಯ" ಎಂದರು, ಕಣ್ಣೆತ್ತದೆ. ಶಾಯಿಯಿಲ್ಲ, ದೀಪವಿಲ್ಲ, ಬರೀ ಬೆರಳಿಗೆ ಅದು ತಿಳಿದಿತ್ತು. ಆ ಚೂರಿಗಾಗಿ ಅವರು ಇನ್ನೂ ಅರ್ಧ ಗಂಟೆ ಕೂತರು. ಕೊನೆಯ ಹತ್ತು ಸಲ ಸದ್ದು ಇದೆಯೋ ಇಲ್ಲವೋ ಎಂಬಂತಿತ್ತು. ಕೂದಲು ತಂದಳು. ನಡುವೆ ತುಂಡಾಯಿತು, ಹಿಡಿಯ ಬಳಿ ತುಂಡಾಯಿತು, ತುದಿಯಲ್ಲೂ ತುಂಡಾಯಿತು.

"ಒಪ್ತೀಯಾ?"

ಸೊಸೆ ಆ ಕೂದಲ ತುಂಡುಗಳನ್ನು ಅಂಗೈಗೆ ಎತ್ತಿಕೊಂಡಳು. ಹೌದೆಂದು ತಲೆಯಾಡಿಸಿದಳು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಅವಳನ್ನೂ ಕರೆದುಕೊಂಡು ಹೋದರು. ಅಂಗಡಿ ಹುಡುಗನಿಗೆ ಬರಬೇಡವೆಂದು ಹೇಳಿ ಕಳಿಸಿಯಾಗಿತ್ತು. ದಿಂಬಿಗೆ ಒರಗಿದ್ದ ಮೇಷ್ಟ್ರ ಮುಖದ ಒಂದು ಕಡೆ ಒಂದು ವಾರದ ಬಿಳಿ ಗಡ್ಡ, ಇನ್ನೊಂದು ಕಡೆ ನಾಲ್ಕು ವಾರದ್ದು.

"ಏನು, ಕೈ ಹೋಯ್ತು ಅಂತ ಅಳ್ತಾ ಹೋದವನು ಬಂದುಬಿಟ್ಯಾ?"

"ಕೈ ಎಲ್ಲೂ ಹೋಗಿರಲಿಲ್ಲ ಮೇಷ್ಟ್ರೇ. ಇವಳು ನನ್ನ ಕಲ್ಲು ಹಾಳು ಮಾಡಿದ್ಲು," ಎಂದು ಮಾವ ಸೊಸೆಯನ್ನು ಮುಂದಕ್ಕೆ ತಳ್ಳಿದರು. "ಮತ್ತೆ ಇವಳೇ ಸರಿಮಾಡಿದ್ಲು. ನನ್ನ ಐವತ್ತು ವರ್ಷದ ಕೆಲಸಾನ ಮೂರು ದಿನದಲ್ಲಿ ಮಾಡಿಬಿಟ್ಲು ನೋಡಿ. ಉಗುರಿನಷ್ಟು ಮಾತ್ರ ಬಾಕಿ."

ಇದಕ್ಕಿಂತ ದೊಡ್ಡ ಹೊಗಳಿಕೆ ಅವಳು ಕೇಳಿರಲಿಲ್ಲ. ಆ ಉಗುರಿನಷ್ಟೂ ಸೇರಿ ಅದು ಅವಳಿಗೆ ಸರಿಯೆನ್ನಿಸಿತು.

ಅವಳು ಬಿಸಿನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಳು. ಮಾವ ನೊರೆ ಹಚ್ಚಿದರು. ಕತ್ತಿ ಬಿಚ್ಚಿದರು. ಅಲ್ಲಿಯವರೆಗೆ ನಡುಗುತ್ತಿದ್ದ ಕೈ ಮೇಷ್ಟ್ರ ಕಿವಿಯ ಬಳಿ ಹೋಗುತ್ತಿದ್ದಂತೆ ನಿಂತಿತು. ಕತ್ತಿ ಕೆನ್ನೆಯಿಂದ ದವಡೆಗೆ, ದವಡೆಯಿಂದ ಗಂಟಲಿಗೆ ಇಳಿಯಿತು. ನೊರೆಯ ಹಿಂದೆ ಚರ್ಮ ನುಣ್ಣಗೆ ಕಾಣಿಸಿಕೊಳ್ಳುತ್ತಾ ಹೋಯಿತು. ಮೇಷ್ಟ್ರು ಊರಿನ ಯಾವುದೋ ಹಳೆಯ ಜಗಳದ ವಿಷಯ ತೆಗೆದವರು ಅರ್ಧಕ್ಕೇ ನಿಲ್ಲಿಸಿದರು.

ಮುಂದಿನ ಮಾತಿಗೆ ಸೊಸೆ ಕಾದಳು. ಮಾತು ಬರಲಿಲ್ಲ. ಬಾಯಿ ಸ್ವಲ್ಪ ತೆರೆದು, ಒಂದು ಕೆನ್ನೆಗೆ ಇನ್ನೂ ನೊರೆಯಿರುವಾಗಲೇ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು.

ಮಾವ ಕತ್ತಿಯನ್ನು ಮೇಲೆತ್ತಿ ಹಿಡಿದು, ಎಬ್ಬಿಸಬೇಡ ಎಂದು ಸೊಸೆಗೆ ಸನ್ನೆ ಮಾಡಿದರು. ಇನ್ನೊಂದು ಕೆನ್ನೆಗೆ ಅವಸರವೇನೂ ಇರಲಿಲ್ಲ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅವರು ಆ ಗೊರಕೆಯನ್ನು ಕೊನೆಯವರೆಗೂ ಕೇಳಿದರು.